ಏಳು ಗೆರೆ, ಒಂದು ವಜ್ರ: ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವುದು, ಓದುವುದು

(ವೈದ್ಯಕೀಯ, ನರ್ಸಿಂಗ್ ಮತ್ತು ಸಾರ್ವಜನಿಕ ಆರೋಗ್ಯ ವಿಭಾಗದ ಪಿಜಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನೆಲ್ಲ ಮೊದಲೇ ಬರೆದಿಟ್ಟ ನಿಯಮದಂತೆ ಹುಡುಕಿ, ತೂಗಿ, ಸೇರಿಸಿ ಓದುವುದೇ ಸಿಸ್ಟಮ್ಯಾಟಿಕ್ ರಿವ್ಯೂ. ಇಂಥ ರಿವ್ಯೂಗಳನ್ನು ಮಾಡುವ ಕಾಕ್ರೇನ್ ಸಂಸ್ಥೆಯ ಲೋಗೋವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರುತ್ತೀರಿ. ನಡುವೆ ನೆಟ್ಟಗೆ ನಿಂತ ಒಂದು ಗೆರೆ, ಏಳು ಅಡ್ಡಗೆರೆ, ಕೆಳಗೆ ಒಂದು ಪುಟ್ಟ ವಜ್ರ. ನೋಡಲು ಅಲಂಕಾರದ ಹಾಗಿದ್ದರೂ ಅದು ನಿಜವಾದ ಲೆಕ್ಕ. ಆ ಲೆಕ್ಕದ ಕಥೆ ನ್ಯೂಜಿಲೆಂಡಿನ ಕುರಿಮರಿಗಳಿಂದ ಹೊರಟು ನಮ್ಮ ಬೆಳಗಾವಿಯವರೆಗೆ ಬರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1960ರ ದಶಕದ ಕೊನೆ. ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ತಜ್ಞರು ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ಕುರಿಗಳಲ್ಲಿ ನೋಡುತ್ತಿದ್ದರು. ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ದಿನ ತುಂಬುವ ಮೊದಲೇ ಹುಟ್ಟಿದವು. ಅಷ್ಟು ಬೇಗ ಹುಟ್ಟಿದ ಮರಿ ಉಸಿರಾಡಲಾಗದೆ ಸಾಯಬೇಕಿತ್ತು. ಆದರೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬದುಕಿದ ಮರಿಯ ಶ್ವಾಸಕೋಶದಲ್ಲಿ ಸ್ವಲ್ಪ ಗಾಳಿ ತುಂಬಿತ್ತು. ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಸೇರಿ ಇದನ್ನು ತಾಯಂದಿರಲ್ಲಿ ಪರೀಕ್ಷಿಸಿದರು. 282 ತಾಯಂದಿರ ಆ ಟ್ರಯಲ್ 1972ರಲ್ಲಿ ಪ್ರಕಟವಾಯಿತು. ತಾನಾಗಿಯೇ ಅವಧಿಗೆ ಮೊದಲು ನೋವು ಬಂದವರಲ್ಲಿ, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ ಹುಟ್ಟಿದ ಮೊದಲ ದಿನಗಳಲ್ಲೇ ತೀರಿಕೊಂಡ ಮಕ್ಕಳು ಶೇ. 3.2. ಇನ್ನೊಂದು ಗುಂಪಿನಲ್ಲಿ ಶೇ. 15.

ಇಷ್ಟು ಒಳ್ಳೆಯ ಔಷಧಿಯನ್ನು ಮರುದಿನದಿಂದಲೇ ಎಲ್ಲರೂ ಕೊಡಬೇಕಿತ್ತು ಅಲ್ವಾ? ಕೊಡಲಿಲ್ಲ. ಮುಂದೆ ಬೇರೆ ಕಡೆಯೂ ಟ್ರಯಲ್‌ಗಳು ನಡೆದವು, ಹೆಚ್ಚಿನವು ಚಿಕ್ಕವು. ಒಂದೊಂದನ್ನೇ ಕೈಗೆತ್ತಿಕೊಂಡು ಓದಿದರೆ ಲಾಭ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಲೋಗೋದ ಅಡ್ಡಗೆರೆಗಳಲ್ಲಿ ಹೆಚ್ಚಿನವು ನಡುಗೆರೆಯನ್ನು ಮುಟ್ಟಿಕೊಂಡೇ ಇವೆ, ನೋಡಿ. ನಡುಗೆರೆ ಎಂದರೆ "ವ್ಯತ್ಯಾಸವಿಲ್ಲ" ಎಂಬ ಜಾಗ. ಅಡ್ಡಗೆರೆಯ ಉದ್ದ ಎಂದರೆ ಆ ಟ್ರಯಲ್‌ನ ಅನುಮಾನ. ಟ್ರಯಲ್ ಚಿಕ್ಕದಾದಷ್ಟೂ ಗೆರೆ ಉದ್ದ. ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಬರುವುದು ಕೆಳಗಿನ ವಜ್ರ. ಅದು ನಡುಗೆರೆಯಿಂದ ಪೂರ್ತಿ ಎಡಕ್ಕೆ, ಸಾವು ಕಡಿಮೆಯಾಗುವ ಕಡೆಗೆ ಸರಿದು ನಿಂತಿದೆ.

ಆ ಒಟ್ಟು ಲೆಕ್ಕವನ್ನು ಯಾರೂ 1989ರವರೆಗೆ ಪ್ರಕಟಿಸಿರಲಿಲ್ಲ. ಬೇಕಾದ ಟ್ರಯಲ್‌ಗಳು ಎಷ್ಟೋ ಮೊದಲೇ ಅಚ್ಚಾಗಿ ಲೈಬ್ರರಿಗಳಲ್ಲಿ ಕೂತಿದ್ದವು. ಈ ತಡದಿಂದ ಹತ್ತಾರು ಸಾವಿರ ಮಕ್ಕಳು ಸುಮ್ನೆ ನರಳಿರಬಹುದು, ಸತ್ತಿರಬಹುದು ಎಂದು ಕಾಕ್ರೇನ್ ಸಂಸ್ಥೆಯೇ ತನ್ನ ಲೋಗೋದ ವಿವರಣೆಯಲ್ಲಿ ಹೇಳಿಕೊಂಡಿದೆ. ಔಷಧಿ ಇತ್ತು, ದುಬಾರಿಯೂ ಅಲ್ಲ. ಇದ್ದದ್ದನ್ನೆಲ್ಲ ಒಂದು ಕಡೆ ಸೇರಿಸಿ ಓದುವ ಕೆಲಸ ಮಾತ್ರ ಆಗಿರಲಿಲ್ಲ.

ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲೇ ಈ ಕೊರತೆಯನ್ನು ಎತ್ತಿ ಆಡಿದ್ದರು: ಒಂದೊಂದು ವಿಭಾಗದ ಟ್ರಯಲ್‌ಗಳನ್ನೂ ಒರೆಗೆ ಹಚ್ಚಿ, ಸೇರಿಸಿ, ಕಾಲಕಾಲಕ್ಕೆ ಹೊಸದು ಮಾಡುವ ವ್ಯವಸ್ಥೆ ವೈದ್ಯರಿಗೆ ಇಲ್ಲವಲ್ಲ ಎಂದು. ಇಯಾನ್ ಚಾಮರ್ಸ್ ಮತ್ತು ಜೊತೆಗಾರರು ಮೊದಲು ಹೆರಿಗೆ ವಿಭಾಗದಲ್ಲಿ ಅದನ್ನು ಮಾಡಿ ತೋರಿಸಿದರು, 1993ರಲ್ಲಿ ಕಾಕ್ರೇನ್ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. ನಮ್ಮ ಕಡೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪ್ರತಾಪ್ ಥರ್ಯನ್ ಅವರು ಈ ಕೆಲಸಕ್ಕೆ ನೆಲೆ ಮಾಡಿಕೊಟ್ಟರು. 2007ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದುಡ್ಡು ಕೊಟ್ಟು, ಆ ರಿವ್ಯೂಗಳೆಲ್ಲ ಇರುವ ಕಾಕ್ರೇನ್ ಲೈಬ್ರರಿಯನ್ನು ಇಡೀ ದೇಶದವರು ಓದುವ ಹಾಗೆ ಮಾಡಿತು.

ಅನ್ನ ಬೆಂದಿದೆಯಾ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಟ್ರಯಲ್‌ಗಳ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಯಾವ ಅಗುಳು ಕೈಗೆ ಸಿಕ್ಕಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಪಿಜಿ ವಿದ್ಯಾರ್ಥಿಗಳು ಎಷ್ಟೋ ಸಲ ಹೇಳುವ ಮಾತು: "ಪೇಷಂಟ್ ಡೇಟಾ ಸಿಗ್ತಿಲ್ಲ, ರಿವ್ಯೂ ಮಾಡಿಬಿಡ್ತೀವಿ." ರಿವ್ಯೂ ಎಂದರೆ ಕೂತಲ್ಲೇ ಮುಗಿಯುವ ಸುಲಭದ ಕೆಲಸ ಎಂಬ ಭಾವನೆ ಇದರ ಹಿಂದೆ ಇದೆ. ನನ್ನ ಪ್ರಕಾರ ಇದು ಟ್ರಯಲ್‌ನಷ್ಟೇ ಗಟ್ಟಿ ಸಂಶೋಧನೆ. ಇಲ್ಲಿ ನಿಮ್ಮ ಪೇಷಂಟುಗಳು ಎಂದರೆ ಪ್ರಬಂಧಗಳು. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಏನು ಅಳೆಯಬೇಕು ಎಂಬುದು ಫಲಿತಾಂಶ ನೋಡುವ ಮೊದಲೇ ತೀರ್ಮಾನವಾಗಿರಬೇಕು. ಆಮೇಲೆ ತೀರ್ಮಾನಿಸಿದರೆ ನಮಗೆ ಬೇಕಾದ ಉತ್ತರ ಬರುವ ಹಾಗೆ ನಮಗೇ ಗೊತ್ತಿಲ್ಲದೆ ಆರಿಸಿಕೊಳ್ಳುತ್ತೇವೆ. ಪ್ರೊಟೊಕಾಲ್, ಅಂದರೆ ಕೆಲಸದ ಯೋಜನೆ, ಮೊದಲೇ ಬರೆದು ರಿವ್ಯೂಗಳ ನೋಂದಣಿಯಾದ ಪ್ರಾಸ್ಪೆರೋದಲ್ಲಿ ನೋಂದಾಯಿಸಿ ಎನ್ನುವುದು ಇದಕ್ಕೇ. 2011ರಿಂದ ಇರುವ ಆ ದಾಖಲೆಪಟ್ಟಿಯನ್ನು ಪ್ರಶ್ನೆ ಹೊಳೆದ ದಿನವೇ ತೆರೆದು ನೋಡಿ. ಅದೇ ಪ್ರಶ್ನೆಯ ಮೇಲೆ ಬೇರೆಯವರು ಆಗಲೇ ಕೂತಿದ್ದರೆ ನಿಮ್ಮ ಒಂದು ವರ್ಷ ಉಳಿಯುತ್ತದೆ.

ಒಂದು ಪ್ರಶ್ನೆ ಹಿಡಿಯೋಣ. ಗರ್ಭಿಣಿಯರ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಒಳ್ಳೆಯದೋ, ನರದ ಮೂಲಕ ಕೊಡುವ ಕಬ್ಬಿಣ ಒಳ್ಳೆಯದೋ? ಕೇಳಲು ಸರಳವಾಗಿದೆ. ಈಗ ಬಿಡಿಸಿ ನೋಡಿ. ರಕ್ತಹೀನತೆ ಎಂದರೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯೋ, 10ಕ್ಕಿಂತ ಕಡಿಮೆಯೋ, 7ಕ್ಕಿಂತಲೋ? ಎಷ್ಟನೇ ತಿಂಗಳಲ್ಲಿ ಶುರು ಮಾಡಿದ ಚಿಕಿತ್ಸೆ? ಮಾತ್ರೆ ದಿನಕ್ಕೆ ಒಂದೋ ಎರಡೋ? ಮಾತ್ರೆ ತಂದು ಡಬ್ಬಿಯಲ್ಲಿಟ್ಟವರೂ ಇದ್ದಾರೆ, ನುಂಗಿದವರೂ ಇದ್ದಾರೆ. ಅದನ್ನು ಯಾರು ಲೆಕ್ಕ ಇಟ್ಟರು? ಕೊನೆಗೆ ನೋಡುವುದು ಏನನ್ನು, ನಾಲ್ಕು ವಾರದ ನಂತರದ ಹಿಮೋಗ್ಲೋಬಿನ್ ಅನ್ನೋ, ಹೆರಿಗೆಯಲ್ಲಿ ರಕ್ತ ಏರಿಸಬೇಕಾಯಿತೇ ಎನ್ನುವುದನ್ನೋ? ಹಿಮೋಗ್ಲೋಬಿನ್ ಅಳೆಯುವುದು ಸುಲಭ, ಎಲ್ಲರೂ ಅದನ್ನೇ ಅಳೆದಿರುತ್ತಾರೆ. ತಾಯಿಗೆ ಮುಖ್ಯವಾದುದು ರಕ್ತ ಏರಿಸುವ ಪರಿಸ್ಥಿತಿ ಬಂತೇ, ಸುಸ್ತು ಕಡಿಮೆಯಾಯಿತೇ, ಮಗು ಚೆನ್ನಾಗಿದೆಯೇ ಎಂಬುದು. ಪ್ರೊಟೊಕಾಲ್‌ನಲ್ಲಿ ಇವನ್ನು ಮೊದಲು ಬರೆಯಿರಿ, ಪ್ರಬಂಧಗಳಲ್ಲಿ ಸಿಗದೇ ಹೋದರೂ ಸರಿ. ಸಿಗಲಿಲ್ಲ ಎನ್ನುವುದೂ ಒಂದು ಫಲಿತಾಂಶವೇ.

ಹುಡುಕಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಕಾಲೇಜಿನ ಲೈಬ್ರರಿಯನ್‌ರನ್ನು ಮೊದಲ ದಿನದಿಂದಲೇ ತಂಡಕ್ಕೆ ಸೇರಿಸಿಕೊಳ್ಳಿ. ಪಬ್‌ಮೆಡ್ ಒಂದರಲ್ಲೇ ಹುಡುಕಿ ನಿಲ್ಲಿಸಬೇಡಿ. ಸಿಟಿಆರ್‌ಐ, ಅಂದರೆ ನಮ್ಮ ದೇಶದ ಟ್ರಯಲ್‌ಗಳ ನೋಂದಣಿ, 2007ರಲ್ಲಿ ಶುರುವಾಗಿ 2009ರಿಂದ ಕಡ್ಡಾಯವಾಯಿತು. ಅಲ್ಲಿ ನೋಂದಣಿಯಾಗಿ, ಮುಗಿದು, ಎಲ್ಲೂ ಪ್ರಕಟವಾಗದ ಟ್ರಯಲ್‌ಗಳು ಸಿಗುತ್ತವೆ. ಅವು ಯಾಕೆ ಪ್ರಕಟವಾಗಲಿಲ್ಲ ಎಂದು ಕೇಳಬೇಕು. ನಮ್ಮ ರಾಜ್ಯಕ್ಕೇ ಸೇರಿದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ ಎಷ್ಟಿದೆ ಎಂಬ ರಿವ್ಯೂ ಮಾಡುತ್ತಿದ್ದೀರಿ ಎಂದುಕೊಳ್ಳಿ. 2014ರ ನವೆಂಬರ್ 1ರಂದು ನಮ್ಮ ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಕಲಬುರಗಿ ಎಂದಷ್ಟೇ ಹುಡುಕಿದರೆ ಗುಲ್ಬರ್ಗಾ ಎಂದು ಅಚ್ಚಾದ ಹಳೆಯ ಪ್ರಬಂಧಗಳೆಲ್ಲ ತಪ್ಪಿಹೋಗುತ್ತವೆ. ಬೆಲ್ಗಾಂ, ಬಿಜಾಪುರ, ಶಿಮೊಗ್ಗ, ಬಳ್ಳಾರಿ, ಎಲ್ಲಕ್ಕೂ ಎರಡೂ ಸ್ಪೆಲ್ಲಿಂಗ್ ಹಾಕಬೇಕು. ಅನೀಮಿಯಾಕ್ಕೂ ಹಾಗೆಯೇ, ಬ್ರಿಟಿಷ್ ಮತ್ತು ಅಮೆರಿಕನ್ ಎರಡೂ ಬೇಕು.

ಸಿಕ್ಕ ಪ್ರಬಂಧಗಳನ್ನು ಇಬ್ಬರು ಬೇರೆ ಬೇರೆಯಾಗಿ ಕೂತು ಓದಿ ಆರಿಸಬೇಕು. ಒಬ್ಬರು ಆರಿಸಿ ಇನ್ನೊಬ್ಬರು ತಲೆಯಾಡಿಸಿದರೆ ಅದು ಇಬ್ಬರ ಕೆಲಸವಾಗುವುದಿಲ್ಲ. ಭಿನ್ನಾಭಿಪ್ರಾಯ ಬಂದ ಜಾಗವೇ ಕಲಿಯುವ ಜಾಗ. ಒಂದು ಟ್ರಯಲ್‌ನಲ್ಲಿ ಗರ್ಭಿಣಿಯರೂ ಬಾಣಂತಿಯರೂ ಬೆರೆತಿದ್ದಾರೆ ಎಂದುಕೊಳ್ಳಿ. ನೀವು ಸೇರಿಸಿದ್ದೀರಿ, ನಿಮ್ಮ ಜೊತೆಯವರು ಬಿಟ್ಟಿದ್ದಾರೆ. ಪ್ರೊಟೊಕಾಲ್ ತೆಗೆದು ನೋಡಿದರೆ ಅದರಲ್ಲಿ ಈ ವಿಷಯವೇ ಇಲ್ಲ! ಆಗ ನಿಯಮ ಬರೆದು, ತಾರೀಕು ಹಾಕಿ, ಕಾರಣ ಹೇಳಿ ಮುಂದೆ ಹೋಗಬೇಕು. ಮುಚ್ಚಿಟ್ಟರೆ ಮಾತ್ರ ತಪ್ಪು.

ಈಗ ಸಂಖ್ಯೆ ಎತ್ತಿ ಬರೆಯುವ ಕೆಲಸ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ರಿವ್ಯೂಗಳು ಸದ್ದಿಲ್ಲದೆ ಕೆಡುವುದು ಇಲ್ಲೇ. ಅಭ್ಯಾಸಕ್ಕೆಂದು ನಾನೇ ಮಾಡಿದ ಒಂದು ಉದಾಹರಣೆ ಕೊಡುತ್ತೇನೆ. ಒಂದು ಪ್ರಬಂಧದ ಕೋಷ್ಟಕದಲ್ಲಿ ಹೀಗಿದೆ: 64 ಮಂದಿ, ಹಿಮೋಗ್ಲೋಬಿನ್ 10.4 ± 0.13. ಆ ± ಏನೆಂದು ಎಲ್ಲೂ ಬರೆದಿಲ್ಲ. ಸ್ಟಾಂಡರ್ಡ್ ಡೀವಿಯೇಶನ್, ಅಂದರೆ ಒಬ್ಬೊಬ್ಬರ ಅಳತೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಸಂಖ್ಯೆ, ಇರಬೇಕು ಎಂದು ನೀವು ಸಾಫ್ಟ್‌ವೇರಿಗೆ 0.13 ಹಾಕುತ್ತೀರಿ. ಒಂದು ನಿಮಿಷ ತಡೆಯಿರಿ. 64 ಗರ್ಭಿಣಿಯರ ಹಿಮೋಗ್ಲೋಬಿನ್ ಎಲ್ಲ 10.4ರ ಆಸುಪಾಸಿನ ಅಷ್ಟು ಚಿಕ್ಕ ಜಾಗದಲ್ಲೇ ಇರಲು ಸಾಧ್ಯವೇ? ವಾರ್ಡಿನಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಗೊತ್ತು, ಇಲ್ಲ ಎಂದು. ಅದು ಸ್ಟಾಂಡರ್ಡ್ ಎರರ್, ಅಂದರೆ ಡೀವಿಯೇಶನ್ ಅನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಾಗ ಬರುವ, ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಎಂದು ಹೇಳುವ ಸಂಖ್ಯೆ. 64ರ ವರ್ಗಮೂಲ 8. ಎಂಟರಿಂದ ಗುಣಿಸಿದರೆ 1.04 ಬರುತ್ತದೆ, ನಿಜವಾದ ಡೀವಿಯೇಶನ್ ಅದು. ಎರಡೂ ಗುಂಪುಗಳಲ್ಲಿ ಈ ತಪ್ಪು ಆದರೆ, ಸಾಮಾನ್ಯ ಫಿಕ್ಸೆಡ್ ಎಫೆಕ್ಟ್ ಲೆಕ್ಕದಲ್ಲಿ (ಅನುಮಾನ ಕಡಿಮೆ ಇರುವ ಟ್ರಯಲ್‌ಗೆ ಹೆಚ್ಚು ತೂಕ ಕೊಡುವ ಲೆಕ್ಕ) ಆ ಚಿಕ್ಕ ಟ್ರಯಲ್‌ಗೆ ಇರಬೇಕಾದ್ದಕ್ಕಿಂತ 64 ಪಟ್ಟು ತೂಕ ಸಿಗುತ್ತದೆ. ವಜ್ರ ಪೂರ್ತಿ ಅದರ ಹಿಂದೆ ಹೋಗುತ್ತದೆ. ಸಾಫ್ಟ್‌ವೇರ್ ಎಚ್ಚರಿಸುವುದಿಲ್ಲ. ವಿಷಯ ಗೊತ್ತಿರುವ ಇಬ್ಬರು ಪ್ರತ್ಯೇಕವಾಗಿ ಸಂಖ್ಯೆ ಎತ್ತಬೇಕು ಎಂದು ಹಟ ಹಿಡಿಯುವುದು ಇದಕ್ಕೆ.

ಸಂಖ್ಯೆ ಸರಿಯಿದ್ದರೂ ಟ್ರಯಲ್ಲೇ ಸರಿಯಿಲ್ಲದಿರಬಹುದು. ಕೋವಿಡ್ ಕಾಲದಲ್ಲಿ ಐವರ್ಮೆಕ್ಟಿನ್ ಎಂಬ ಹುಳುವಿನ ಔಷಧಿ ಕೊಟ್ಟದ್ದು ನಿಮಗೆ ನೆನಪಿರಬಹುದು. 2021ರ ಏಪ್ರಿಲ್‌ನಲ್ಲಿ ನಮ್ಮ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲೂ ಅದು ಇತ್ತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಟ್ಟುಹೋಯಿತು. ಸಾವು ಬಹಳ ಕಡಿಮೆಯಾಗುತ್ತದೆ ಎಂದು ಹೇಳಿದ, ಹಲವು ಟ್ರಯಲ್‌ಗಳನ್ನು ಸೇರಿಸಿ ಲೆಕ್ಕ ಹಾಕುವ ಮೆಟಾ ಅನಾಲಿಸಿಸ್‌ಗಳು ಈಜಿಪ್ಟಿನ ಒಂದು ಅಧ್ಯಯನದ ಮೇಲೆ ತುಂಬಾ ಆತುಕೊಂಡಿದ್ದವು. ಇನ್ನೂ ಪತ್ರಿಕೆಯಲ್ಲಿ ಪ್ರಕಟವಾಗದ ಪ್ರಿಪ್ರಿಂಟ್ ಅದು. ಲಂಡನ್ನಿನ ಒಬ್ಬ ವಿದ್ಯಾರ್ಥಿ ಅದರ ಮೂಲ ಡೇಟಾ ತೆರೆದು ನೋಡಿದ. ಅಧ್ಯಯನ ಶುರುವಾದ ತಾರೀಕಿಗಿಂತ ಮೊದಲೇ ಸತ್ತವರ ದಾಖಲೆಗಳಿದ್ದವು, ಒಬ್ಬರ ವಿವರ ಇನ್ನೊಬ್ಬರಿಗೆ ನಕಲಾಗಿತ್ತು. 2021ರ ಜುಲೈನಲ್ಲಿ ಪ್ರಿಪ್ರಿಂಟ್ ಹಿಂತೆಗೆದರು. ಅದನ್ನು ಬಿಟ್ಟು ಲೆಕ್ಕ ಹಾಕಿದಾಗ ಲಾಭದ ದೊಡ್ಡ ಪಾಲು ಕರಗಿತು. ಅದೇ ತಿಂಗಳು ಬಂದ ಕಾಕ್ರೇನ್ ರಿವ್ಯೂ, ಟ್ರಯಲ್‌ಗಳನ್ನು ಕಟ್ಟುನಿಟ್ಟಾಗಿ ಆರಿಸಿಕೊಂಡು, ಏನೂ ಖಚಿತವಾಗಿ ಹೇಳಲು ಆಗುವುದಿಲ್ಲ ಎಂದಿತ್ತು. ಜನ ಆಸ್ಪತ್ರೆ ಹಾಸಿಗೆಗಾಗಿ ಅಲೆದು ಕೆಲವೇ ತಿಂಗಳಾಗಿತ್ತು. ಅಂಥ ಹೊತ್ತಿನಲ್ಲಿ "ಇನ್ನೂ ಗೊತ್ತಿಲ್ಲ" ಎಂದು ಬರೆಯಲು ಧೈರ್ಯ ಬೇಕು.

ಬೇರೆಯವರ ರಿವ್ಯೂ ಓದಿ ತೂಗುವಾಗಲೂ ಇವೇ ಪ್ರಶ್ನೆಗಳು. ಸ್ವತಃ ಒಂದು ಮಾಡಿದವರು ಓದುವ ರೀತಿಯೇ ಬೇರೆ, ಅದಕ್ಕೇ ಎರಡನ್ನೂ ಒಟ್ಟಿಗೆ ಕಲಿಯಿರಿ ಎನ್ನುತ್ತೇನೆ. "ಪ್ರಿಸ್ಮಾ ಪ್ರಕಾರ ಮಾಡಿದ್ದೇವೆ" ಎಂಬ ಸಾಲು ಎಲ್ಲ ರಿವ್ಯೂಗಳಲ್ಲೂ ಇರುತ್ತದೆ. ಪ್ರಿಸ್ಮಾ ಹೇಳುವುದು ಏನೇನು ಬರೆಯಬೇಕು ಎಂದು, 27 ಅಂಶಗಳಲ್ಲಿ. ಕೆಲಸ ಚೆನ್ನಾಗಿ ಆಗಿದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ 2017ರಲ್ಲಿ ಬಂದ ಆಮ್‌ಸ್ಟಾರ್ 2 ಇದೆ: 16 ಪ್ರಶ್ನೆ, ಅದರಲ್ಲಿ 7 ನಿರ್ಣಾಯಕ. ದಯವಿಟ್ಟು ಹದಿನಾರಕ್ಕೆ ಇಷ್ಟು ಅಂಕ ಎಂದು ಕೂಡಬೇಡಿ. ಅದನ್ನು ಮಾಡಿದವರೇ ಬೇಡ ಎಂದಿದ್ದಾರೆ. ಹದಿನೈದು ಸರಿಯಿದ್ದು, ಟ್ರಯಲ್‌ಗಳ ಗುಣಮಟ್ಟವನ್ನೇ ನೋಡದೆ ಬಿಟ್ಟಿದ್ದರೆ ಆ ರಿವ್ಯೂವನ್ನು ನಂಬಲು ಆಗುವುದಿಲ್ಲ. ನಾನಂತೂ ಮೊದಲು ನೋಡುವುದು ಬಿಟ್ಟ ಪ್ರಬಂಧಗಳ ಪಟ್ಟಿ. ಯಾವುದನ್ನು, ಯಾವ ಕಾರಣಕ್ಕೆ ಬಿಟ್ಟರು ಎಂದು ಒಂದೊಂದಕ್ಕೂ ಬರೆದವರು ಉಳಿದ ಕೆಲಸವನ್ನೂ ಚೊಕ್ಕವಾಗಿ ಮಾಡಿರುತ್ತಾರೆ.

ಇಷ್ಟೆಲ್ಲ ಸರಿಯಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಉತ್ತರ ಯಾರ ಮೇಲೆ ನಡೆದ ಅಧ್ಯಯನದಿಂದ ಬಂತು? ಸ್ಟೀರಾಯ್ಡ್ ಕಥೆಯ ಎರಡನೇ ಭಾಗ ಇದೇ.

2006ರ ಕಾಕ್ರೇನ್ ರಿವ್ಯೂನಲ್ಲಿ 21 ಟ್ರಯಲ್‌ಗಳಿದ್ದವು. ನವಜಾತ ಶಿಶುಗಳ ಸಾವು ಶೇ. 31ರಷ್ಟು ಕಡಿಮೆ. ಗಟ್ಟಿ ಕೆಲಸ, ಸ್ಪಷ್ಟ ಉತ್ತರ. ಆದರೆ ಹೆಚ್ಚಿನ ಟ್ರಯಲ್‌ಗಳು ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ನಡೆದವು. ಬಡ ದೇಶಗಳ ಹಳ್ಳಿಗಳಲ್ಲೂ ಇದೇ ಚುಚ್ಚುಮದ್ದು ಕೊಟ್ಟರೆ ಲಕ್ಷಾಂತರ ಮಕ್ಕಳು ಉಳಿಯುತ್ತಾರೆ ಎಂಬ ಆಸೆ ಸಹಜವಾಗಿ ಹುಟ್ಟಿತು. 2014ರಲ್ಲಿ ನಮ್ಮ ಕೇಂದ್ರ ಸರ್ಕಾರವೂ, ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಎಎನ್‌ಎಂ ಸಿಸ್ಟರ್ ಇದೇ ಬಗೆಯ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್‌ನ ಮೊದಲ ಡೋಸ್ ಕೊಡಬಹುದು ಎಂದಿತು.

ಅದೇ ಹೊತ್ತಿಗೆ ಆರು ದೇಶಗಳಲ್ಲಿ ಒಂದು ದೊಡ್ಡ ಟ್ರಯಲ್ ನಡೆದಿತ್ತು. ಎಸಿಟಿ ಎಂದು ಅದರ ಹೆಸರು. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಭಾರತ. ಭಾರತದಲ್ಲಿ ಎರಡು ಕಡೆ: ನಾಗಪುರ ಮತ್ತು ನಮ್ಮ ಬೆಳಗಾವಿ. ಸುಮಾರು 1 ಲಕ್ಷ ಹೆರಿಗೆಗಳು. 2014ರ ಅಕ್ಟೋಬರಿನಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ತೀರಾ ಚಿಕ್ಕ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ, ಚುಚ್ಚುಮದ್ದಿನ ಕಾರ್ಯಕ್ರಮ ನಡೆದ ಕಡೆ 28 ದಿನದೊಳಗಿನ ಸಾವು ಸಾವಿರಕ್ಕೆ 27.4, ನಡೆಯದ ಕಡೆ 23.9. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಜಾಸ್ತಿಯಾಗಿತ್ತು.

ಹಿಂದಿನ ರಿವ್ಯೂ ತಪ್ಪಾಗಿತ್ತೇ? ಇಲ್ಲ. ಅದು ಕೇಳಿದ ಪ್ರಶ್ನೆ ಬೇರೆ, ಹಳ್ಳಿಯ ಪ್ರಶ್ನೆ ಬೇರೆ. ಹಳ್ಳಿಯ ಹೆರಿಗೆ ಕೋಣೆಯನ್ನು ನೆನೆಸಿಕೊಳ್ಳಿ. ಎಷ್ಟು ವಾರ ಆಯಿತು ಎಂದು ಹೇಳಲು ಸ್ಕ್ಯಾನ್ ಇಲ್ಲ, ತಾಯಿ ಕಾರ್ಡಿನಲ್ಲಿರುವ ಕೊನೆಯ ಮುಟ್ಟಿನ ತಾರೀಕು ನೆನಪಿನ ಮೇಲೆ ಬರೆದದ್ದು. ಹಾಗಾಗಿ ಚುಚ್ಚುಮದ್ದು ಪಡೆದ ಹೆಚ್ಚಿನ ತಾಯಂದಿರಿಗೆ ಕೊನೆಗೆ ಹುಟ್ಟಿದ್ದು ಅಷ್ಟು ಚಿಕ್ಕ ಮಗುವೇ ಅಲ್ಲ. ಬೇಗ ಹುಟ್ಟಿದ ಮಗುವಿಗೆ ಹತ್ತಿರದಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಇಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶರತ್ತುಗಳನ್ನು ಹಾಕಿತು: ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು, ತಾಯಿಗೆ ಸೋಂಕು ಇರಬಾರದು, ಹೆರಿಗೆಗೂ ಮಗುವಿನ ಆರೈಕೆಗೂ ಸರಿಯಾದ ವ್ಯವಸ್ಥೆ ಇರಬೇಕು.

ಆದರೂ ಅನುಮಾನ ಉಳಿಯಿತು. ನಮ್ಮಂಥ ದೇಶಗಳಲ್ಲಿ ಇದು ಕೆಲಸ ಮಾಡುತ್ತದೋ ಇಲ್ಲವೋ? ಅದಕ್ಕಾಗಿಯೇ ಆಕ್ಷನ್-1 ಟ್ರಯಲ್ ಮಾಡಿದರು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನದ 29 ಆಸ್ಪತ್ರೆಗಳು. ಈ ಸಲವೂ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಇತ್ತು. ಸ್ಕ್ಯಾನ್ ಮಾಡಿ ವಾರ ಗೊತ್ತುಮಾಡಿ, 26ರಿಂದ 33 ವಾರದ 2852 ತಾಯಂದಿರನ್ನು ಸೇರಿಸಿಕೊಂಡರು. ಲಾಭ ಸ್ಪಷ್ಟವಾಗಿದ್ದರಿಂದ ಟ್ರಯಲ್ ಬೇಗ ನಿಲ್ಲಿಸಬೇಕಾಯಿತು. 2020ರಲ್ಲಿ ಪ್ರಕಟವಾಯಿತು: ಡೆಕ್ಸಾಮೆಥಾಸೋನ್ ಪಡೆದ ಗುಂಪಿನಲ್ಲಿ ನವಜಾತ ಶಿಶುಗಳ ಸಾವು ಶೇ. 19.6, ಪ್ಲಸೀಬೊ (ಔಷಧಿಯಿಲ್ಲದ ಹುಸಿ ಚುಚ್ಚುಮದ್ದು) ಗುಂಪಿನಲ್ಲಿ ಶೇ. 23.5. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಉಳಿಯುತ್ತದೆ. ಈ ಟ್ರಯಲ್ ಸೇರಿದ 2020ರ ಕಾಕ್ರೇನ್ ರಿವ್ಯೂನಲ್ಲಿ 27 ಟ್ರಯಲ್, 11,272 ತಾಯಂದಿರು, ಸಾವು ಶೇ. 22ರಷ್ಟು ಕಡಿಮೆ. 31 ಇದ್ದದ್ದು 22 ಆಯಿತಲ್ಲ ಎಂದು ನಿರಾಸೆ ಬೇಡ. ಈ 22ರೊಳಗೆ ನಮ್ಮ ತಾಯಂದಿರೂ ಇದ್ದಾರೆ. ನಮಗೆ ಉಪಯೋಗಕ್ಕೆ ಬರುವ ಸಂಖ್ಯೆ ಇದು.

ಗ್ರೇಡ್ ಪದ್ಧತಿಯಲ್ಲಿ ಸಾಕ್ಷ್ಯದ ಮೇಲಿನ ಭರವಸೆಯನ್ನು ಇಳಿಸಲು ಐದು ಕಾರಣಗಳಿವೆ. ಅದರಲ್ಲಿ ಒಂದು ಇದೇ: ಅಧ್ಯಯನದಲ್ಲಿದ್ದ ಜನ, ಜಾಗ, ಚಿಕಿತ್ಸೆ ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುತ್ತವೆಯೇ ಎಂಬುದು. ವಿದ್ಯಾರ್ಥಿಗಳು ಈ ಕಾಲಂ ಅನ್ನು ಓದದೆ "ಸಮಸ್ಯೆ ಇಲ್ಲ" ಎಂದು ತುಂಬಿಬಿಡುತ್ತಾರೆ. ಎಸಿಟಿ ನೆನಪಿಟ್ಟುಕೊಂಡರೆ ಹಾಗೆ ತುಂಬಲು ಕೈ ಬರುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ನಾವಿನ್ನೂ ಕಲಿಯುವವರು. ದೊಡ್ಡವರು ಮಾಡಿದ ರಿವ್ಯೂನಲ್ಲಿ ತಪ್ಪು ಹುಡುಕೋಕೆ ನಮ್ಮಿಂದ ಆಗುತ್ತಾ?" ಇದಕ್ಕೆ ನನ್ನ ಬಳಿ ಒಂದು ಒಳ್ಳೆಯ ಉತ್ತರ ಇದೆ, ಅದು ಜಪಾನಿನಿಂದ ಬಂದದ್ದು. 2009ರಲ್ಲಿ ಕೇಜಿ ಹಯಾಶಿ ಎಂಬ ಮಕ್ಕಳ ವೈದ್ಯರು ಟ್ಯಾಮಿಫ್ಲೂ ಎಂಬ ಫ್ಲೂ ಮಾತ್ರೆಯ ಬಗೆಗಿನ ಕಾಕ್ರೇನ್ ರಿವ್ಯೂ ಓದುತ್ತಿದ್ದರು. ಫ್ಲೂನಿಂದ ಆಗುವ ತೊಡಕುಗಳು ಆ ಮಾತ್ರೆಯಿಂದ ಕಡಿಮೆಯಾಗುತ್ತವೆ ಎಂದು ಅದರಲ್ಲಿ ಇತ್ತು. ಆ ಸಾಲಿಗೆ ಆಧಾರ ಏನು ಎಂದು ಹಿಂದೆ ಹಿಂದೆ ಹೋದರು. ಕಂಪನಿಯ ಹತ್ತು ಟ್ರಯಲ್‌ಗಳನ್ನು ಒಟ್ಟು ಮಾಡಿದ ಒಂದು ಪ್ರಬಂಧ ಸಿಕ್ಕಿತು. ಆ ಹತ್ತರಲ್ಲಿ ಪತ್ರಿಕೆಗಳಲ್ಲಿ ಪೂರ್ತಿ ಪ್ರಕಟವಾದದ್ದು ಎರಡೇ. ಉಳಿದ ಎಂಟನ್ನು ನೀವು ನೋಡದೆ ಹೇಗೆ ನಂಬಿದಿರಿ ಎಂದು ಹಯಾಶಿ ರಿವ್ಯೂ ಬರೆದವರಿಗೆ ಪ್ರತಿಕ್ರಿಯೆ ಕಳಿಸಿದರು. ಓದುಗರ ಪ್ರತಿಕ್ರಿಯೆಗೆಂದು ಇರುವ ಜಾಗದಲ್ಲೇ.

ಆ ರಿವ್ಯೂ ಬರೆದ ಟಾಮ್ ಜೆಫರ್ಸನ್ ಮತ್ತು ತಂಡದವರು ಹೌದು ಎಂದು ಒಪ್ಪಿ ಕಂಪನಿಯಿಂದ ಡೇಟಾ ಕೇಳಿದರು. ಸಿಗಲು 2013 ಆಯಿತು. 2014ರಲ್ಲಿ ಪ್ರಕಟವಾದ ಹೊಸ ರಿವ್ಯೂ ಪತ್ರಿಕೆಯ ಲೇಖನಗಳನ್ನು ಬದಿಗಿಟ್ಟು, ಸಾವಿರಾರು ಪುಟಗಳ ಟ್ರಯಲ್ ವರದಿಗಳನ್ನೇ ಓದಿ ಮಾಡಿದ್ದು. ದೊಡ್ಡವರಲ್ಲಿ ಫ್ಲೂ ಲಕ್ಷಣಗಳು 7 ದಿನದ ಬದಲು 6.3 ದಿನಕ್ಕೆ ಕಡಿಮೆಯಾದವು. ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ವಾಂತಿ, ವಾಕರಿಕೆ ಜಾಸ್ತಿಯಾಗಿತ್ತು. ಅಷ್ಟರಲ್ಲಿ ಎಷ್ಟೋ ದೇಶಗಳು ಕೋಟಿಗಟ್ಟಲೆ ಖರ್ಚು ಮಾಡಿ ಆ ಮಾತ್ರೆಯನ್ನು ಗೋದಾಮಿನಲ್ಲಿ ಕೂಡಿಟ್ಟಿದ್ದವು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಮುಖ್ಯ ಪಟ್ಟಿಯಿಂದ ಅದನ್ನು ಪೂರಕ ಪಟ್ಟಿಗೆ ಇಳಿಸಿತು.

ನೀವೂ ಈ ವಾರ ಒಂದು ರಿವ್ಯೂ ಆರಿಸಿಕೊಳ್ಳಿ. ಅದರ ಫಾರೆಸ್ಟ್ ಪ್ಲಾಟಿನಿಂದ, ಅಂದರೆ ಲೋಗೋದಲ್ಲಿ ನೋಡಿದಂಥ ಗೆರೆ-ವಜ್ರದ ಚಿತ್ರದಿಂದ, ಎರಡು ಟ್ರಯಲ್ ತೆಗೆದು, ಮೂಲ ಪ್ರಬಂಧ ತರಿಸಿಕೊಂಡು, ಸಂಖ್ಯೆಗಳನ್ನು ನೀವೇ ಎತ್ತಿ ಬರೆಯಿರಿ. ಅವರ ಸಂಖ್ಯೆಗೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ಪುಟ, ಕೋಷ್ಟಕ, ಸಾಲು ಹೆಸರಿಸಿ ಬರೆದವರಿಗೆ ಒಂದು ಇಮೇಲ್ ಹಾಕಿ.